ಹಳದಿ ಎಲೆಯ ಮೇಲೆ ಹಸುರು ಬೆರಳು

೧೯೬೧ರ ಚಳಿಗಾಲ. ಸಾದಲಿಯ ತೋಟದಲ್ಲಿ ದಂಟಿನ ಸೊಪ್ಪು ಹಳದಿ ತಿರುಗಿದ್ದನ್ನು ಕಂಡು ಶ್ಯಾಮಲ ಪಾತಿಯ ಅಂಚಿಗೆ ಕುಕ್ಕರಿಸಿದಳು. ನರಗಳಷ್ಟೇ ಹಸುರು, ಮಿಕ್ಕ ಎಲೆಯೆಲ್ಲ ಬಿಳಿಚಿಕೊಂಡಿತ್ತು.

ಊರಿಗೆ ಬೇಸಾಯದ ಸಲಹೆ ಕೊಡುವ ಗ್ರಾಮಸೇವಕನಾಗಿ ಬಂದ ಮಂಚೇನಹಳ್ಳಿಯ ಚನ್ನಕೇಶವ ಹೋದ ತಿಂಗಳು ಇದೇ ಪಾತಿಯ ಬಳಿ ನಿಂತು, "ಮಣ್ಣಲ್ಲಿರೋ ಸುಣ್ಣ, ಕಬ್ಬಿಣ ಎಲ್ಲಾ ಸೊಪ್ಪಿಗೆ ಬರುತ್ತೆ, ಸೊಪ್ಪಿಂದ ನಮ್ಮ ಮೈಗೆ ಬರುತ್ತೆ ಶ್ಯಾಮಲಮ್ಮ" ಎಂದಿದ್ದ. ಆಗ ಅವನ ಕಣ್ಣು ಸೊಪ್ಪಿನ ಮೇಲಿತ್ತೋ ಇವಳ ಮೇಲಿತ್ತೋ, ದೇವರೇ ಬಲ್ಲ. ಅವನು ಮೆಚ್ಚಲೆಂದು ಹುಡುಗಿ, ರೇಷ್ಮೆಹುಳು ಸಾಕುವ ಮನೆಗೆ ಬಳಿದು ಉಳಿದ ಸುಣ್ಣವನ್ನೆಲ್ಲ ಯಾರಿಗೂ ಹೇಳದೆ ಪಾತಿಗೆ ಸುರಿದಿದ್ದಳು.

ಅಪ್ಪ ಮುನಿಶಾಮಪ್ಪ ಸಿಡುಕಿದ. "ಆ ಗ್ರಾಮಸೇವಕನ ಪುಸ್ತಕದ ಬೇಸಾಯ ಸಾಕು. ಈ ವಾರದೊಳಗೆ ಸೊಪ್ಪು ಸುಧಾರಿಸ್ದೆ ಇದ್ರೆ ಅವನು ಈ ತೋಟಕ್ಕೆ ಕಾಲಿಡೋದು ಬೇಡ."

ಚನ್ನಕೇಶವ ಬಂದು ಮಣ್ಣು ಕೆದಕಿದ. ಬಿಳಿ ಉಂಡೆಗಳು ಕೈಗೆ ಸಿಕ್ಕವು. ಶ್ಯಾಮಲಳ ಕಡೆ ನೋಡಿದ. ಅವಳ ಕಿವಿ ಕೆಂಪಾದದ್ದು ಕಂಡು ಎಲ್ಲ ತಿಳಿಯಿತು.

"ಸುಣ್ಣ ಹಾಕಿದೋನು ನಾನೇ ಯಜಮಾನ್ರೆ. ತಪ್ಪಾಯ್ತು" ಎಂದ.

ಮುನಿಶಾಮಪ್ಪ ಬಾಯಿಗೆ ಬಂದದ್ದೆಲ್ಲ ಬೈದು ಹೋದ.

ಮರುದಿನ ಚನ್ನಕೇಶವ ಅಂಗಡಿಯಿಂದ ಅನ್ನಭೇದಿ ತಂದ. ಅದು ಕಬ್ಬಿಣದ ಉಪ್ಪು. ಚಿಟಿಕೆಯಷ್ಟನ್ನು ನೀರಿಗೆ ಕದಡಿ, ಬೆರಳದ್ದಿ, ಒಂದು ಎಲೆಯ ಮೇಲೆ ಮೆಲ್ಲಗೆ ಸವರಿದ.

"ಈ ಮಣ್ಣು ಕೆಂಪಗಿರೋದೇ ಕಬ್ಬಿಣದಿಂದ. ಸುಣ್ಣ ಅದನ್ನ ಬೇರಿಗೆ ಸಿಗದಂಗೆ ಮಾಡ್ಬಿಟ್ಟಿದೆ. ಎಲೆಗೇ ಕೊಟ್ಟು ನೋಡಣ."

"ಸುಳ್ಳು ಯಾಕೆ ಹೇಳಿದ್ರಿ?"

"ನೀವು ಬೈಸ್ಕೊಳ್ಳೋದನ್ನ ನೋಡಕ್ಕಾಗಲ್ಲ ನನಗೆ" ಎಂದವನು ಎಲೆಯಿಂದ ಮುಖ ಎತ್ತಲಿಲ್ಲ.

ವಾರ ಮುಗಿಯುವ ಮುಂಚೆ ಒಂದು ಬೆಳಿಗ್ಗೆ ಪಾತಿಗೆ ಹೋದ ಶ್ಯಾಮಲ ನಿಂತಲ್ಲೇ ನಿಂತಳು. ಹಳದಿ ಎಲೆಯ ನಡುವೆ ಅವನ ಬೆರಳು ಸವರಿದಷ್ಟು ಜಾಗ, ಅಷ್ಟೇ ಅಷ್ಟು, ದಟ್ಟ ಹಸುರು! ಕಣ್ಣಿಗೆ ಕಾಣದ ಕಬ್ಬಿಣ ಒಳಗಿಳಿದು ಜೀವ ತುಂಬಿತ್ತು. ಅವಳು ಬಗ್ಗಿ ಆ ಎಲೆ ಮುಟ್ಟಿದಳು. ಕಾಲ ಕೆಳಗಿನ ಕೆಂಪು ಮಣ್ಣು, ತಿನ್ನುವ ಸೊಪ್ಪು, ತನ್ನ ಮೈಯ ನೆತ್ತರು ಎಲ್ಲಕ್ಕೂ ಒಂದೇ ನಂಟು! ಇಷ್ಟು ದಿನ ತುಳಿದುಕೊಂಡು ಓಡಾಡಿದ ಮಣ್ಣಿಗೆ ತನಗರಿವಿಲ್ಲದೆ ಕೈ ಮುಗಿದಳು.

ಮಿಕ್ಕ ಪಾತಿಗೆ ಚಿಮುಕಿಸಲು ಚನ್ನಕೇಶವ ಚೊಂಬು ಹಿಡಿದು ಬರುವ ಹೊತ್ತಿಗೆ ಅಪ್ಪನೂ ಬಂದ. ಎಲೆ ನೋಡಿ ಮೂಗಿನ ಮೇಲೆ ಬೆರಳಿಟ್ಟ.

"ಏನಮ್ಮಾ ಇದು ಸೋಜಿಗ! ಹೋಗ್ಲಿ, ಅವನ ತಪ್ಪು ಅವನೇ ತಿದ್ದಿದಾನೆ."

"ತಪ್ಪು ಅವರದಲ್ಲಪ್ಪ. ಸುಣ್ಣ ಸುರಿದೋಳು ನಾನು. ಅವ್ರು ಮೆಚ್ಚಲಿ ಅಂತ. ಅವ್ರಂದ್ರೆ ನಂಗಿಷ್ಟ."

ಹೇಳಿಯೇಬಿಟ್ಟಳು! ಚನ್ನಕೇಶವನ ಚೊಂಬು ಓರೆಯಾಗಿ ನೀರೆಲ್ಲ ಕಾಲ ಮೇಲೆ ಸುರಿಯಿತು.

ಮುನಿಶಾಮಪ್ಪ ಚನ್ನಕೇಶವನ ಕಡೆ ತಿರುಗಿದ.

"ನನ್ನ ಮಗಳಿಗೋಸ್ಕರ ಅಷ್ಟೊಂದು ಬೈಗುಳ ತಿಂದ್ಯೇನಪ್ಪ?"

"ಹೂಂ" ಎಂದ ಚನ್ನಕೇಶವ, ನೆಲ ನೋಡುತ್ತ.

"ಬರೋ ಸೋಮವಾರ ನಿಮ್ಮ ಅಪ್ಪ ಅಮ್ಮನ್ನ ಕರ್ಕೊಂಡು ಬಾ. ಸೊಪ್ಪು ನೋಡಕ್ಕಲ್ಲ, ಹೆಣ್ಣು ನೋಡಕ್ಕೆ."