ಸದ್ದು ಸಪ್ಪೆ, ಹತ್ತಕ್ಕೆ ಮೂರು

ಪತ್ರಿಕೆಗೆ ವಿಡಿಯೋ ಗೇಮ್‌ಗಳ ವಿಮರ್ಶೆ ಬರೆಯುವವನು ನಾನು. ಆ ಸಲ ಬಂದದ್ದು ಕಣ್ಣಿಲ್ಲದ ಹುಡುಗಿಯೊಬ್ಬಳ ದೆವ್ವದ ಆಟ. ಅವಳು ಕೋಲು ಕುಟ್ಟಿದ ಸದ್ದಿನಿಂದಲೇ ದಾರಿ ಹುಡುಕಬೇಕು. ಹೆದರಿಕೆಗೆ ನಾನು ಪೂರ್ತಿ ಮ್ಯೂಟ್ ಮಾಡಿಕೊಂಡು ಆಡಿದೆ. ಆಮೇಲೆ ನಾಚಿಕೆಯಿಲ್ಲದೆ ‘ಸದ್ದು ಸಪ್ಪೆ, ಹತ್ತಕ್ಕೆ ಮೂರು’ ಎಂದು ಬರೆದುಬಿಟ್ಟೆ.

ಅಚ್ಚಾದದ್ದನ್ನು ಅಕ್ಕನಿಗೆ ಓದಿ ಹೇಳಿದೆ. ಅವಳಿಗೆ ಕಣ್ಣು ಕಾಣುವುದಿಲ್ಲ. ನಾನು ಆಡುವಾಗ ಅದೇ ಕೋಣೆಯಲ್ಲಿ ಕೂತಿದ್ದಳು.

“ಸಪ್ಪೆ ಎಲ್ಲಿತ್ತೋ? ಕೋಲು ಕುಟ್ಕೊಂಡು ನಿನ್ನ ಕುರ್ಚಿ ಸುತ್ತಾನೇ ಓಡಾಡ್ತಿದ್ಲಲ್ಲ. ಪಾಪ, ನೀನು ಮಾತಾಡಿಸ್ಲೇ ಇಲ್ಲ.”

ಮ್ಯೂಟ್ ಮಾಡಿ ಆಡಿದ್ದ ಆಟವನ್ನು ಅಂದೇ ಅಳಿಸಿಹಾಕಿದೆ.

ಈಗಲೂ ನಾನು ಬರೆಯಲು ಕೂತರೆ, ಅಕ್ಕ ಯಾರಿಗೋ ದಾರಿ ಬಿಡುವಂತೆ ಕಾಲು ಮಡಚಿಕೊಳ್ಳುತ್ತಾಳೆ.