ಗುರುತಿಲ್ಲದ ನಳಿಗೆ

ನವೆಂಬರ್ ಹದಿನಾಲ್ಕರ ಬೆಳಿಗ್ಗೆ ಒಂಬತ್ತು ಗಂಟೆಗೆ ಮರದ ಡಿಪೋದ ಯಜಮಾನ ಠಾಣೆಯ ಮೆಟ್ಟಿಲು ಹತ್ತಿ ಬಂದ. ಅವನ ಅಂಗಿಯ ತೋಳುಗಳೆರಡೂ ರಕ್ತ ಒಣಗಿ ರಟ್ಟಿನಂತೆ ಗಟ್ಟಿಯಾಗಿದ್ದವು. ರಕ್ತ ಅವನದಲ್ಲ, ಮಗನದು. ಡಿಪೋದ ಹಿತ್ತಲಿನಲ್ಲಿ ಬೇಟೆ ಕೋವಿ ಸಿಡಿದು, ಇಪ್ಪತ್ತಮೂರು ವರ್ಷದ ಮಗ ನಿಂತ ಜಾಗದಲ್ಲೇ ಸತ್ತಿದ್ದ.

"ಕೋವಿಗೆ ಹೊಸ ನಳಿಗೆ ಹಾಕಿಸಿದ್ದೆ ಮೇಡಂ," ಎಂದ ಯಜಮಾನ. "ಮೊನ್ನೆ ತಂದೆ. ಮೊದಲ ಗುಂಡು ನಾನೇ ಹೊಡೀಬೇಕು ಅಂತಿದ್ದೆ. ಮುಖ ತೊಳೆಯೋಕೆ ಹೋದೆ, ಅಷ್ಟರಲ್ಲಿ ಇವನು ಎತ್ಕೊಂಡುಬಿಟ್ಟ."

"ನಳಿಗೆ ಮಾಡಿದ್ಯಾರು?" ಇನ್‌ಸ್ಪೆಕ್ಟರ್ ಕೇಳಿದಳು. ಅವಳು ಈ ಠಾಣೆಗೆ ವರ್ಗವಾಗಿ ಬಂದು ಇನ್ನೂ ಪೆಟ್ಟಿಗೆ ಪೂರ್ತಿ ಬಿಚ್ಚಿರಲಿಲ್ಲ.

"ಕೋವಿ ಮೇಸ್ತ್ರಿ. ಇನ್ಯಾರಿದಾರೆ? ಲೈಸೆನ್ಸ್ ಇರೋನು ಅವನೊಬ್ನೇ."

ದೂರು ಬರೆದುಕೊಳ್ಳುತ್ತಿದ್ದ ದಫೇದಾರನಿಗೆ ಆ ಹೆಸರು ಕೇಳಿದ್ದೇ ಕೆಮ್ಮು ಬಂತು. ಕೆಮ್ಮು ಮುಗಿದ ಮೇಲೂ ಅವನು ತಲೆ ಎತ್ತಲಿಲ್ಲ. ಇನ್‌ಸ್ಪೆಕ್ಟರ್ ಅದನ್ನು ನೋಡಿದಳು, ಆಗ ಏನೂ ಕೇಳಲಿಲ್ಲ. ಅಸಹಜ ಸಾವು ಎಂದು ಎಫ್‌ಐಆರ್ ಆಯಿತು.

ಹಿತ್ತಲಿನಲ್ಲಿ ಸ್ಥಳ ಪಂಚನಾಮೆ ಶುರುವಾದಾಗ ಹನ್ನೊಂದು ಗಂಟೆ. ಮರದ ಹೊಟ್ಟಿನ ಮೇಲೆ ಕೋವಿ ಬಿದ್ದಿತ್ತು. ಬಾಯಿಂದ ಮದ್ದು ಸುರಿದು, ಗುಂಡು ತುರುಕಿ, ಸರಳಿನಿಂದ ಜಡಿದು ಹೊಡೆಯುವ ಹಳೇ ಕಾಲದ ಕೋವಿ. ಇಂಥ ಕೋವಿಯ ನಳಿಗೆಗೆ ಹಿಂಬದಿಯಲ್ಲಿ ತಿರುಪಿನ ಬಿರಡೆಯೊಂದು ಇರುತ್ತದೆ. ಹೊಡೆಯುವವನ ಮುಖಕ್ಕೂ ಉರಿಯುವ ಮದ್ದಿಗೂ ನಡುವೆ ಇರುವುದು ಆ ಬಿರಡೆ ಮಾತ್ರ. ಅದೇ ಕಿತ್ತುಕೊಂಡು ಬಂದಿತ್ತು.

"ಮದ್ದು ಜಾಸ್ತಿ ಸುರ್ದಿದಾನೆ ಮೇಡಂ," ಎಂದ ದಫೇದಾರ. "ಹುಡುಗಾಟ. ಅಳತೆ ಎಲ್ಲಿ ಗೊತ್ತಿರುತ್ತೆ? ಅಪಘಾತ ಅಂತ ಬರೆದು ಮುಗಿಸಿಬಿಡೋಣ, ಪಾಪ, ಮನೆಯವರು ಹೆಣನಾದ್ರೂ ತಗೊಂಡು ಹೋಗ್ಲಿ."

"ನಳಿಗೆ ಸೀಳಿದ್ಯಾ?"

"ಇಲ್ಲ."

"ಉಬ್ಬಿದ್ಯಾ?"

"ಇಲ್ಲ."

"ಹಾಗಾದ್ರೆ ಮದ್ದಿಗೆ ಬಿರಡೆ ಮೇಲೆ ಮಾತ್ರ ಸಿಟ್ಟಾ? ಹುಡುಕಿ ಅದನ್ನ."

ಕಾನ್‌ಸ್ಟೇಬಲ್‌ಗಳು ಹೊಟ್ಟು ಜಾಲಾಡಿ ಸುಸ್ತಾದರು. ಕೊನೆಗೆ ಬಿರಡೆ ಸಿಕ್ಕಿದ್ದು ಶೆಡ್ಡಿನ ಹಲಗೆಯಲ್ಲಿ, ಮೊಳೆ ಹೊಡೆದ ಹಾಗೆ ನಾಟಿಕೊಂಡು. ಅದರ ತಿರುಪಿನ ಹಲ್ಲುಗಳನ್ನು ಇನ್‌ಸ್ಪೆಕ್ಟರ್ ಬೆರಳಿನಿಂದ ಸವರಿದಳು. ಹೊಚ್ಚ ಹೊಸ ಬಿರಡೆ, ಹಲ್ಲು ಮಾತ್ರ ಮುದುಕನ ಬಾಯಿಯದು. ಮುಕ್ಕಾಲು ಭಾಗ ಅರ ಹಾಕಿ ಸವೆಸಿದ ಹಾಗೆ ನುಣ್ಣಗಿತ್ತು. ಅವಳು ಅದನ್ನು ಚೀಲಕ್ಕೆ ಹಾಕಿ ಮೊಹರು ಮಾಡಿಸಿದಳು.

ಮೇಸ್ತ್ರಿಯ ಕೆಲಸದ ಮನೆ ಉದ್ದಕ್ಕಿತ್ತು, ಅಗಲವಿರಲಿಲ್ಲ. ಒಂದೇ ಕಿಟಕಿ, ಅದರ ಕೆಳಗೆ ಬೆಂಚು, ಬೆಂಚಿನ ಮೇಲೆ ಅರಗಳು ದಪ್ಪ ಸಣ್ಣ ನೋಡಿ ಸಾಲಾಗಿ ಮಲಗಿದ್ದವು. ನೆಲದಲ್ಲಿ ಉಕ್ಕಿನ ಸಣ್ಣ ಸಿಂಬೆಗಳು, ಎಣ್ಣೆ ವಾಸನೆ. ಮೇಸ್ತ್ರಿ ಕೋವಿಯ ಮರದ ಹಿಡಿಕೆಯೊಂದನ್ನು ಉಜ್ಜುತ್ತಿದ್ದ. ಅವನ ಹೆಂಡತಿ ಒಳಬಾಗಿಲಲ್ಲಿ ನಿಂತಿದ್ದಳು.

"ಯಜಮಾನರು ಆಸ್ಪತ್ರೇಲಿದಾರಾ?" ಎಂದು ಅವನೇ ಮೊದಲು ಕೇಳಿದ.

"ಯಜಮಾನರಿಗೆ ಏನೋ ಆಗಿದೆ ಅಂತ ನಿನಗೆ ಯಾರು ಹೇಳಿದ್ರು?"

ಮೇಸ್ತ್ರಿ ಮತ್ತೆ ಹಿಡಿಕೆ ಉಜ್ಜತೊಡಗಿದ.

"ಯಜಮಾನ ಚೆನ್ನಾಗೇ ಇದಾನೆ. ಕೋವಿ ಸಿಡಿದು ಸತ್ತಿದ್ದು ಅವನ ಮಗ."

ಅವನ ಕೈಯಲ್ಲಿದ್ದ ಹಿಡಿಕೆ ಮೊಣಕಾಲಿನ ಮೇಲೆ ಬಿದ್ದು ನೆಲಕ್ಕುರುಳಿತು. ಹೆಂಡತಿ "ಅಯ್ಯೋ, ಆ ಮಗುನಾ?" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಇಂಥ ಹೊತ್ತಿನಲ್ಲಿ ಪ್ರಶ್ನೆ ಕೇಳುವುದು ಕಟುಕತನ. ಪೊಲೀಸರ ಸಂಬಳ ಅದಕ್ಕೇ.

"ನಳಿಗೆ ಹೇಗೆ ಮಾಡ್ತೀಯಾ?"

"ಉಕ್ಕಿನ ಸರಳು ತಂದು ಕೊರೀತೀನಿ. ಆಮೇಲೆ ಡೊಂಕು ತೆಗೀತೀನಿ."

"ಡೊಂಕಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಒಳಗಿಂದ ದಾರ ಎಳೆದು ಬಿಗಿ ಹಿಡಿದ್ರೆ ಗೊತ್ತಾಗುತ್ತೆ. ದಾರ ಸುಳ್ಳು ಹೇಳಲ್ಲ." ಕೆಲಸದ ಮಾತು ಬಂದಾಗ ಅವನ ದನಿ ತಾನಾಗಿ ಗಟ್ಟಿಯಾಯಿತು. "ಬಿರಡೆ ಹಾಕಿದ ಮೇಲೆ ದಿಮ್ಮಿಗೆ ಕಟ್ಟಿ, ದುಪ್ಪಟ್ಟು ಮದ್ದು ತುಂಬಿ, ಗೋಡೆ ಹಿಂದೆ ನಿಂತು ಹಗ್ಗದಲ್ಲಿ ಎಳೆದು ಹೊಡೀತೀನಿ. ತಡ್ಕೊಂಡ್ರೆ ಗುರುತು ಹಾಕ್ತೀನಿ. ನಮ್ಮಪ್ಪನ ಕಾಲದ ಅಚ್ಚು."

"ಎಲ್ಲಿ ಹಾಕ್ತೀಯಾ?"

"ನಳಿಗೆ ಕೆಳಗೆ. ಹಿಡಿಕೆಯ ಮರದಡಿ ಮುಚ್ಚಿಹೋಗುತ್ತೆ, ಯಾರಿಗೂ ಕಾಣಲ್ಲ."

ಗೋಡೆಯ ಗೂಟಗಳಲ್ಲಿ ನಾಲ್ಕು ಕೋವಿಗಳಿದ್ದವು. ಇನ್‌ಸ್ಪೆಕ್ಟರ್ ಒಂದೊಂದನ್ನೂ ಅವನ ಕೈಯಲ್ಲೇ ಬಿಚ್ಚಿಸಿದಳು. ನಾಲ್ಕರಲ್ಲೂ ಮರದಡಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಮೀನಿನ ಅಚ್ಚು ಬಿದ್ದಿತ್ತು. ಅವಳು ಥ್ಯಾಂಕ್ಸ್ ಹೇಳಿ, ಬಾಗಿಲಿಗೆ ಒಬ್ಬ ಕಾನ್‌ಸ್ಟೇಬಲ್‌ನನ್ನು ಬಿಟ್ಟು ಹೊರಟಳು.

ಠಾಣೆಯಲ್ಲಿ ಇಬ್ಬರು ಪಂಚರೆದುರು ಸಿಡಿದ ಕೋವಿಯ ಮರ ಬಿಚ್ಚಿಸಿದರು. ನಳಿಗೆಯ ಕೆಳಭಾಗವನ್ನು ಒರೆಸಿ, ಭೂತಗನ್ನಡಿ ಹಿಡಿದು ತುದಿಯಿಂದ ಬುಡದವರೆಗೆ ನೋಡಿದರು. ಮೀನಿರಲಿಲ್ಲ.

"ದಫೇದಾರರೇ," ಎಂದಳು ಇನ್‌ಸ್ಪೆಕ್ಟರ್, "ಬೆಳಿಗ್ಗೆ ನಿಮಗೆ ಬಂದ ಕೆಮ್ಮು ಈಗ ವಾಸಿಯಾಗಿದ್ರೆ ಹೇಳಿ. ಮೇಸ್ತ್ರಿಗೂ ಯಜಮಾನನಿಗೂ ಏನು?"

ದಫೇದಾರ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಹೋದ ವರ್ಷ ಮೇಸ್ತ್ರಿ ಮಗ ಸತ್ತ ಮೇಡಂ. ಯಜಮಾನನ ಗುಂಡಿಗೆ. ಇದೇ ಕೋವಿ."

"ಇದನ್ನ ಈಗ ಹೇಳ್ತಿದೀರಾ?"

"ಅದು ಮುಗಿದ ಕೇಸು. ಹಂದಿ ಬೇಟೆಗೆ ಯಜಮಾನ, ಅವನ ಮಗ, ಮೇಸ್ತ್ರಿ ಮಗ ಒಟ್ಟಿಗೇ ಹೋಗಿದ್ರು. 'ನಾನು ಗುರಿಯಿಟ್ಟಿದ್ದು ಹಂದಿಗೆ, ನಳಿಗೆ ಡೊಂಕು, ಗುಂಡು ಪಕ್ಕಕ್ಕೆ ಹಾರ್ತು' ಅಂದ ಯಜಮಾನ. ಕೋರ್ಟು ಆಕಸ್ಮಿಕ ಅಂತು. ನಳಿಗೆ ಬದಲಾಯಿಸೋದಾದ್ರೆ ಕೋವಿ ವಾಪಸ್ ಕೊಡಬಹುದು ಅಂತ ಆದೇಶ ಆಯ್ತು."

"ಡೊಂಕು ಅಂತ ಪರೀಕ್ಷೆ ಮಾಡಿದ್ಯಾರು?"

"ಅವನು ಹೇಳಿದ. ನಾನು ಪಂಚನಾಮೇಲಿ ಬರೆದೆ."

ಕೊಂದವನು ಹೇಳಿದ, ಪೊಲೀಸರು ಬರೆದರು, ಕೋರ್ಟು ಓದಿತು. ಒಂದು ಮೊಳ ದಾರ ತರುವ ತಾಪತ್ರಯ ಯಾರಿಗೂ ಬೇಕಾಗಿರಲಿಲ್ಲ. ಆಮೇಲೆ ಆ ಮಹಾಶಯ, ಬೇರೆ ಊರಿಗೆ ಕೋವಿ ಸಾಗಿಸಲು ಪರವಾನಗಿ ಮಾಡಿಸಲು ಸೋಮಾರಿತನಪಟ್ಟು, ಮಗನನ್ನು ಕೊಂದ ಕೋವಿಯನ್ನು ಅಪ್ಪನ ಬೆಂಚಿನ ಮೇಲೇ ತಂದಿಟ್ಟಿದ್ದ. ಮುಖಕ್ಕೆ ಎಷ್ಟು ದಪ್ಪ ಚರ್ಮ ಇರಬೇಕು!

ಮಧ್ಯಾಹ್ನ ಮೂರಕ್ಕೆ ಅವರು ಮತ್ತೆ ಹೋದಾಗ ಮೇಸ್ತ್ರಿ ಅಂಗಿ ಬದಲಾಯಿಸಿ ಕೂತಿದ್ದ. ಅರಗಳಿಗೆಲ್ಲ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ.

"ಆ ನಳಿಗೇಲಿ ಮೀನಿಲ್ಲ," ಎಂದಳು ಇನ್‌ಸ್ಪೆಕ್ಟರ್.

"ಇಲ್ಲ."

"ಹಾಕಿದ್ರೆ ನಾನು ಅಪಘಾತ ಅಂತಲೇ ಬರೀತಿದ್ದೆನೇನೋ. ಒಂದು ಪೆಟ್ಟು ಸಾಕಿತ್ತು."

"ಅಚ್ಚು ಕೈಗೆತ್ಕೊಂಡೆ. ಎರಡು ಸಲ ಎತ್ಕೊಂಡೆ. ನಾನೇ ಹಲ್ಲು ಸವೆಸಿದ ಬಿರಡೆ ಇರೋ ನಳಿಗೆ ಮೇಲೆ ನಮ್ಮಪ್ಪನ ಗುರುತು ಹಾಕೋಕೆ ಕೈ ಬರಲಿಲ್ಲ."

ಹೆಂಡತಿ ಗಂಡನನ್ನು ದಿಟ್ಟಿಸಿದಳು. ಅವಳಿಗೆ ಈವರೆಗೆ ಏನೂ ಗೊತ್ತಿರಲಿಲ್ಲ ಎನ್ನುವುದಕ್ಕೆ ಆ ಮುಖಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮೇಸ್ತ್ರಿ ಎದ್ದು ಅಟ್ಟದಿಂದ ಗೋಣಿ ಸುತ್ತಿದ್ದ ಹಳೇ ನಳಿಗೆ ಇಳಿಸಿದ. ಅದರೊಳಗಿಂದ ದಾರ ತೂರಿಸಿ, ಎರಡೂ ತುದಿ ಬಿಗಿದು, ಕಿಟಕಿಯ ಬೆಳಕಿಗೆ ಹಿಡಿದ. "ನೋಡಿ."

ಇನ್‌ಸ್ಪೆಕ್ಟರ್ ಕಣ್ಣಿಟ್ಟು ನೋಡಿದಳು. ಈ ತುದಿಯಿಂದ ಆ ತುದಿಯವರೆಗೆ ದಾರ ನಳಿಗೆಯ ಒಳಗೋಡೆಗೆ ಅಂಟಿಕೊಂಡೇ ಹೋಗಿತ್ತು, ಕೂದಲೆಳೆಯಷ್ಟೂ ಬೆಳಕು ನಡುವೆ ನುಸುಳಿರಲಿಲ್ಲ. ನಳಿಗೆ ನೇರವಾಗಿತ್ತು. ದಫೇದಾರನೂ ನೋಡಿದ, ಬೇಗ ಹಿಂದೆ ಸರಿದ.

"ಕಳಚಿದ ದಿನವೇ ನೋಡಿದೆ," ಎಂದ ಮೇಸ್ತ್ರಿ. "ಹಂದಿಗೆ ಹೊಡೆದ ಗುಂಡು ಪಕ್ಕಕ್ಕೆ ಹಾರಲಿಲ್ಲ ಮೇಡಂ. ಗುರಿಯಿಟ್ಟ ಜಾಗಕ್ಕೇ ಹೋಗಿದೆ. ಪೊದೆ ಅಲ್ಲಾಡ್ತು, ಯಾರು ಅಂತ ನೋಡದೆ ಹೊಡೆದ. ತಪ್ಪಾಯ್ತು ಅಂತ ಒಂದು ಮಾತು ಅಂದಿದ್ರೆ ನಾನು ಹಣೆಬರಹ ಅಂತ ಸುಮ್ಮನಿರ್ತಿದ್ದೆ. ಇದನ್ನ ಹೊತ್ಕೊಂಡು ಠಾಣೆಗೆ ಬಂದೆ. ಇವರೇ ಇದ್ರು."

ದಫೇದಾರ ನೆಲ ನೋಡುತ್ತಿದ್ದ.

"ಏನಂದ್ರು?"

"ಮುಗಿದ ಕೇಸು, ಹೋಗಿ ಕೆಲಸ ನೋಡ್ಕೋ ಅಂದ್ರು. ಬಂದು ಕೆಲಸ ನೋಡ್ಕೊಂಡೆ."

ಒಳಬಾಗಿಲಿನಿಂದ ಹೆಂಡತಿ ಮುಂದೆ ಬಂದಳು. "ನಮ್ಮ ಮಗನ್ನ ಕಾಡಿಂದ ಬೆನ್ನ ಮೇಲೆ ಹೊತ್ಕೊಂಡು ತಂದೋನು ಆ ಹುಡುಗ ಕಣ್ರೀ," ಎಂದಳು. "ಈ ಬಾಗಿಲಲ್ಲೇ ಕೂತು ಅತ್ತ. ಅಮ್ಮಾ ಅಂತಿದ್ದ ನನ್ನ. ಏನು ಮಾಡಿಬಿಟ್ರಿ ನೀವು?"

"ಮೊದಲ ಗುಂಡು ನಂದೇ ಅಂತ ಅವನಪ್ಪ ಅಂದಿದ್ದ ಕಣೇ. ನನ್ನೆದುರೇ ಅಂದಿದ್ದ." ಇಷ್ಟು ಹೇಳಿ ಮೇಸ್ತ್ರಿ ಅಳತೊಡಗಿದ. ಹೆಂಡತಿ ಹತ್ತಿರ ಬರಲಿಲ್ಲ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರೂ ಮುಕ್ಕಾಲಿಗೆ ಅವನನ್ನು ಬಂಧಿಸಲಾಯಿತು. ಅಸಹಜ ಸಾವಿನ ಎಫ್‌ಐಆರ್‌ಗೆ ಕೊಲೆಯ ಕಲಂ ಸೇರಿತು. ಹಳೇ ನಳಿಗೆಯನ್ನು ಜಪ್ತಿ ಮಾಡುವಾಗ ಮೇಸ್ತ್ರಿ ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ.

"ನೇರವಾಗಿದೆ ಅಂತ ಬರೀತೀರಾ?"

"ಬರೀರಿ," ಎಂದಳು ಇನ್‌ಸ್ಪೆಕ್ಟರ್. ದಫೇದಾರನೇ ಬರೆದ: ದಾರ ಹಿಡಿದು ಪರೀಕ್ಷಿಸಲಾಗಿ ನಳಿಗೆಯು ಪೂರ್ತಿ ನೇರವಾಗಿದ್ದು ಯಾವುದೇ ಡೊಂಕು ಕಂಡುಬರಲಿಲ್ಲ. ಹೋದ ವರ್ಷವೂ ಇದೇ ಕೈ, ಇದೇ ನೀಲಿ ಶಾಯಿ.

"ಇದರಿಂದ ನನ್ನ ಮಗನ ಕೇಸು ಮತ್ತೆ ತೆಗೀತಾರಾ?"

"ನಾನು ಮೇಲಕ್ಕೆ ಬರೀತೀನಿ. ಆಗುತ್ತೆ ಅಂತ ಮಾತು ಕೊಡೋಕಾಗಲ್ಲ." ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಸದ್ಯಕ್ಕೆ ಈ ಸಾಲು ಹೋಗೋದು ನಿನ್ನ ಮೇಲಿನ ಕೇಸಿಗೆ. ಕೊಲ್ಲೋಕೆ ನಿನಗೆ ಕಾರಣ ಇತ್ತು ಅಂತ ತೋರಿಸೋಕೆ."

ಮೇಸ್ತ್ರಿ ಹಾಳೆ ತೆಗೆದುಕೊಂಡು ಆ ಸಾಲಿನಡಿ ಬೆರಳಿಟ್ಟು ಎರಡು ಸಲ ಓದಿದ.

"ಆಗ್ಲಿ," ಎಂದ. "ಎಲ್ಲಾದ್ರೂ ಒಂದು ಕಡೆ ಬರೆದಿರ್ಲಿ."

ಅವನು ಪೆನ್ನು ಕೇಳಿ ತೆಗೆದುಕೊಂಡು ಸಹಿ ಹಾಕಿದ.