ನಿಂತಲ್ಲೇ ತಿರುಗಿದ ಚಕ್ರ

ಬೆಳಗ್ಗೆ ಆರಕ್ಕೆ ಶೆಡ್ಡಿನ ಬಾಗಿಲು ತೆರೆದ ಬ್ರೇಕ್ ಮೇಡಂ ಕಿರುಚಿದ ರಭಸಕ್ಕೆ ಮೂರು ಬೀದಿಯ ಜನ ಹಾಸಿಗೆಯಿಂದ ಉರುಳಿದರು. ನಾಲ್ಕನೆಯ ಬೀದಿಯವರು ಭೂಕಂಪವೆಂದು ಹೊರಗೋಡಿದರು.

ಕಾರು ಮಾಯ!

ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದವಳು ಆಕೆ. ಉಳಿದರ್ಧ ಊರು ಆಕೆಯ ಬೈಗುಳಕ್ಕೆ ಹೆದರಿ ನಡೆದೇ ಓಡಾಡುತ್ತಿತ್ತು. ಇದ್ದದ್ದು ಒಂದೇ ಕಾರು. ಮರುದಿನ ಹನ್ನೊಂದು ಶಿಷ್ಯರಿಗೆ ಲೈಸೆನ್ಸ್ ಪರೀಕ್ಷೆ. ಕಾರು ಸಿಗದಿದ್ದರೆ ಶಾಲೆಗೆ ಬೀಗ.

"ಸಿಗಲಿ ಅವನು," ಮೇಡಂ ಹಲ್ಲು ಕಡಿದಳು. "ಚರ್ಮ ಸುಲಿದು ಸೀಟ್ ಕವರ್ ಹೊಲಿಸ್ತೀನಿ!"

\*

ಇನ್‌ಸ್ಪೆಕ್ಟರ್ ಠಾಣೆಯಲ್ಲಿ ದೂರು ಬರೆದುಕೊಂಡರು.

"ಬೇರೆಲ್ಲೋ ನಿಲ್ಲಿಸಿ ಮರೆತಿಲ್ಲ ತಾನೇ?"

"ಸರ್, ಅದು ಕಾರು. ಛತ್ರಿಯಲ್ಲ."

"ಇನ್ಶೂರೆನ್ಸಿನವರಿಗೆ ಇವತ್ತೇ ತಿಳಿಸಿ. ಎರಡೂ ಕೀ ಕೇಳ್ತಾರೆ. ಇದೆಯಾ?"

ಒಂದು ಕೈಚೀಲದಲ್ಲಿತ್ತು. ಇನ್ನೊಂದಕ್ಕೆ ಮನೆಗೆ ಹೋಗಿ ಬೀರು ತೆರೆದರೆ, ಇಲ್ಲ!

"ಹೋದ ವಾರ ರಿಪೇರಿಗೆ ಅಂತ ಮೆಕ್ಯಾನಿಕ್‌ಗೆ ಕೊಟ್ಟಿದ್ದೆವಲ್ಲ?" ಎಂದ ಗಂಡ. ಈ ಮಹಾಶಯನಿಗೆ ಸೈಕಲ್ಲೂ ಬಾರದು.

ಫೋನ್ ಮಾಡಿದ ಕೂಡಲೇ ಮೆಕ್ಯಾನಿಕ್ ಶೆಡ್ಡಿಗೇ ಓಡಿ ಬಂದ. "ಕೀ ಅವತ್ತೇ ನಿಮ್ಮತ್ತೆ ಕೈಗೆ ಕೊಟ್ಟೆ, ಮೇಡಂ. ಅವರನ್ನೇ ಕೇಳಿ."

ಅತ್ತೆ ಹೌದೆಂದರು. ಬೀರುವಿನಲ್ಲಿಟ್ಟಿದ್ದೂ ನಿಜವಂತೆ.

ಮೆಕ್ಯಾನಿಕ್ ನೆಲಕ್ಕೆ ಬಗ್ಗಿದ. ಹಿಂದಿನ ಸಂಜೆಯಷ್ಟೇ ತೊಳೆದ ಸಿಮೆಂಟಿನ ಮೇಲೆ ಎರಡು ಕಪ್ಪು ಕಮಾನು. "ಗಾಡಿ ನಿಂತಿರೋವಾಗಲೇ ಸ್ಟೀರಿಂಗ್ ತಿರುಚಿದಾನೆ. ಟೈರ್ ಉಜ್ಜಿಹೋಗಿದೆ. ನಾನು ಹೀಗೆ ಮಾಡಿದ್ರೆ ನಮ್ಮಪ್ಪ ಸಮಾಧಿಯಿಂದ ಎದ್ದು ಬಂದು ಹೊಡೀತಾನೆ!"

ಮೇಡಂ ನಕ್ಕಳು. ಆ ನಗು ಕಂಡು ಮೆಕ್ಯಾನಿಕ್ ಎರಡು ಹೆಜ್ಜೆ ಹಿಂದೆ ಸರಿದ.

\*

ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ, ಅತ್ತೆ, ಮೈದುನನ ಎದುರು ಒಂದು ಸುಳ್ಳು ಬಿಟ್ಟಳು. "ಸಂಜೆಯೊಳಗೆ ಪೊಲೀಸರು ಊರಿನ ಗೋದಾಮುಗಳನ್ನೆಲ್ಲ ಜಾಲಾಡ್ತಾರಂತೆ."

ಮೈದುನ ಕೈ ತೊಳೆಯದೆ ಎದ್ದು ಹೋದ. ಬೀದಿಯಲ್ಲಿ ಕಾಯುತ್ತಿದ್ದ ಮೆಕ್ಯಾನಿಕ್‌ನ ಸ್ಕೂಟರಿನಲ್ಲಿ ಮೇಡಂ ಬೆನ್ನು ಹತ್ತಿದಳು.

ಪಾಳು ಗೋದಾಮಿನ ಗೇಟಿನಲ್ಲಿ ಕಾರು ನಿಂತಿತ್ತು; ಒಳಗೆ ಮೈದುನ ಸ್ಟೀರಿಂಗ್ ತಿರುಚುತ್ತಿದ್ದ. ಮೇಡಂ ಬಾಗಿಲು ತೆರೆದು ಪಕ್ಕದಲ್ಲಿ ಕೂತಳು.

"ಅತ್ತಿಗೆ!"

"ಬೆಲ್ಟ್ ಹಾಕ್ಕೋಪ್ಪ."

ಅವನು ಗಾಡಿ ಹಾರಿಸಲು ನೋಡಿದ. ಕಲಿಸುವ ಕಾರಿನಲ್ಲಿ ಕಲಿಸುವವರ ಕಾಲಡಿಯೂ ಒಂದು ಬ್ರೇಕ್ ಇರುತ್ತದೆ. ಮೇಡಂ ಒತ್ತಿದಳು. ಅವನ ಮೂಗು ಸ್ಟೀರಿಂಗಿಗೆ ಮುತ್ತಿಟ್ಟಿತು. ಇಳಿದು ಓಡೋಣವೆಂದರೆ ಕಿಟಕಿಯಾಚೆ ಮೆಕ್ಯಾನಿಕ್, ಕೈಯಲ್ಲಿ ತೊಡೆ ಗಾತ್ರದ ಸ್ಪ್ಯಾನರ್.

"ಬೆಲ್ಟ್ ಅಂದೆ. ಈಗ ಎಡಕ್ಕೆ. ಇಂಡಿಕೇಟರ್ ಯಾರು, ನಿಮ್ಮಜ್ಜ ಹಾಕ್ತಾನಾ?"

ಠಾಣೆ ತಲುಪುವಷ್ಟರಲ್ಲಿ ಸಾವಿರದೆಂಟು ಬಾರಿ ಬ್ರೇಕ್ ಬಿತ್ತು.

\*

"ಇವನೇ ಅಂತ ಹೇಗೆ ಗೊತ್ತಾಯ್ತು?" ಇನ್‌ಸ್ಪೆಕ್ಟರ್ ಬೆರಗಾಗಿ ಕೇಳಿದರು.

"ಕೀ ಹೋಗಿದ್ದು ಮನೆಯೊಳಗಿಂದ. ನಮ್ಮೆಜಮಾನ್ರಿಗೂ ಅತ್ತೆಗೂ ಗಾಡಿ ಬರಲ್ಲ. ನಿಂತ ಗಾಡೀಲಿ ಸ್ಟೀರಿಂಗ್ ತಿರುಚಬೇಡ ಅಂತ ಇವನಿಗೆ ನಲವತ್ತು ದಿನ ಬೈದೆ. ಆ ಚಟ ಬಿಡದ ಶಿಷ್ಯ ಇವನೊಬ್ಬನೇ."

"ಎಲ್ಲರೆದುರು ಕೋಣ ಅಂದಿರಲ್ಲ!" ಮೈದುನ ಕೂಗಿದ. "ನಿಮ್ಮ ಶಾಲೆ ಮುಚ್ಚಿಸ್ತೀನಿ ಅಂತ ಅವತ್ತೇ ಆಣೆ ಮಾಡಿದ್ದೆ!"

ಅಷ್ಟರಲ್ಲಿ ಅತ್ತೆಯ ಫೋನ್. "ದೂರು ವಾಪಸ್ ತಗೊಳ್ಳಮ್ಮಾ. ಅವನು ಹಸಿವು ತಡೆಯಲ್ಲ."

"ಡಬ್ಬಿ ಕಟ್ಟಿಡಿ ಅತ್ತೆ," ಎಂದಳು ಮೇಡಂ ಮಾತಿಗೆ ಜೇನು ಸುರಿಸಿ. "ಲಾಕಪ್ಪಿಗೆ ನಾನೇ ತಂದುಕೊಡ್ತೀನಿ. ಈಗ ಕಾರಿದೆಯಲ್ಲ!"